ಯಂತ್ರಗಳಿಲ್ಲದ ಫ್ಯಾಕ್ಟರಿಗಳು

ಕಾರವಾರದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ 1638ರಲ್ಲಿ ಇಂಗ್ಲಿಷರು ಅಲ್ಲಿ ಒಂದು ‘ಫ್ಯಾಕ್ಟರಿ’ಯನ್ನು ತೆರೆದರೆಂದು ದಾಖಲಿಸುತ್ತಾರೆ. ಆ ಫ್ಯಾಕ್ಟರಿಯಲ್ಲಿ ಯಾವ ವಸ್ತುವೂ ತಯಾರಾಗುತ್ತಿರಲಿಲ್ಲ. ಅಲ್ಲಿ ಯಂತ್ರವಾಗಲಿ, ಕುಲುಮೆಯಾಗಲಿ, ಪಾಳಿಯ ಮೇಲೆ ದುಡಿಯುವ ಕೂಲಿಕಾರರಾಗಲಿ ಇರಲಿಲ್ಲ. ಕಾಳುಮೆಣಸಿನ ಮೂಟೆಗಳನ್ನೂ ಬಟ್ಟೆಯ ಗಂಟುಗಳನ್ನೂ ಕೂಡಿಡುವ ಉಗ್ರಾಣ, ಲೆಕ್ಕ ಬರೆಯುವ ಕೋಣೆ, ಕೆಲವೇ ಮಂದಿ ಪರದೇಶಿ ವರ್ತಕರು ಒಟ್ಟಿಗೆ ಉಂಡು ಮಲಗುವ ವಸತಿ, ಇವೆಲ್ಲವನ್ನೂ ಬಳಸಿ ನಿಂತ ಗೋಡೆ, ಇಷ್ಟಕ್ಕೇ ಹದಿನೇಳನೆಯ ಶತಮಾನದ ಇಂಗ್ಲಿಷ್ ಭಾಷೆಯಲ್ಲಿ ಫ್ಯಾಕ್ಟರಿ ಎಂಬ ಹೆಸರು ಸಲ್ಲುತ್ತಿತ್ತು. ಇಂದಿನ ಓದುಗನಿಗೆ ಆ ಮಾತಿನಿಂದ ಹೊಗೆಕೊಳವೆಯೂ ಸೈರನ್ನಿನ ಕೂಗೂ ನೆನಪಾಗುವುದರಿಂದ, ಒಂದೇ ಪದ ಮನುಷ್ಯನ ಹುದ್ದೆಯಿಂದ ಕಟ್ಟಡಕ್ಕೂ ವರ್ತಕರ ಕೂಟಕ್ಕೂ ಕೊನೆಗೆ ಯಂತ್ರೋತ್ಪಾದನೆಯ ಸ್ಥಳಕ್ಕೂ ಸಾಗಿಬಂದ ದಾರಿಯನ್ನು ಹಿಂಬಾಲಿಸದೆ ಭಾರತದ ಪಶ್ಚಿಮ ಕರಾವಳಿಯ ಮೂರು ಶತಮಾನಗಳ ವ್ಯಾಪಾರವನ್ನು ಸರಿಯಾಗಿ ಗ್ರಹಿಸುವುದು ಕಷ್ಟ.

ಪದದ ಬೇರು ಲ್ಯಾಟಿನ್ ಭಾಷೆಯದು. ಅಲ್ಲಿ ‘ಫ್ಯಾಕ್ಟರ್’ ಎಂದರೆ ಮಾಡುವವನು, ಕಾರ್ಯ ನಡೆಸುವವನು. ಮಧ್ಯಯುಗದ ಯುರೋಪಿನ ವರ್ತಕರ ಬಾಯಲ್ಲಿ ಅದು ಒಂದು ನಿರ್ದಿಷ್ಟ ವೃತ್ತಿಯ ಹೆಸರಾಯಿತು: ದಣಿಯ ಪರವಾಗಿ ದೂರದ ಊರಿನಲ್ಲಿ ನೆಲೆ ನಿಂತು, ಅವನ ಹಣದಿಂದ ಕೊಂಡು, ಅವನ ಸರಕನ್ನು ಮಾರಿ, ಲೆಕ್ಕ ಒಪ್ಪಿಸುವ ಪ್ರತಿನಿಧಿಯೇ ಫ್ಯಾಕ್ಟರ್. ಭಾರತದ ಪೇಟೆಗಳಲ್ಲಿ ಇದಕ್ಕೆ ಸಮನಾದ ಪದ ಪಾರಸಿಯಿಂದ ಬಂದ ‘ಗುಮಾಸ್ತ’, ಅಂದರೆ ನೇಮಕಗೊಂಡವನು. ಸಾಹುಕಾರನ ಪರವಾಗಿ ಪರಸ್ಥಳದಲ್ಲಿ ಇಡೀ ವ್ಯವಹಾರವನ್ನು ನಡೆಸುತ್ತಿದ್ದ ಗುಮಾಸ್ತನು ಕನ್ನಡದಲ್ಲಿ ಈಗ ಕಚೇರಿಯ ಕಡತ ಬರೆಯುವವನ ಮಟ್ಟಕ್ಕೆ ಇಳಿದಿದ್ದಾನೆ. ಅವನ ಯುರೋಪಿನ ಸಹೋದ್ಯೋಗಿಯಾದರೋ ತನ್ನ ಹೆಸರನ್ನು ತಾನಿದ್ದ ಮನೆಗೆ ಕೊಟ್ಟು ತಾನು ಮಾತ್ರ ಮರೆಯಾದನು.

ಈ ಸಂಸ್ಥೆಯನ್ನು ಏಷ್ಯಾದ ಸಮುದ್ರಗಳಿಗೆ ಮೊದಲು ತಂದವರು ಪೋರ್ಚುಗೀಸರು. ಅವರ ಭಾಷೆಯಲ್ಲಿ ಪ್ರತಿನಿಧಿಯು ‘ಫೇಯ್ತೋರ್’, ಅವನ ನೆಲೆ ‘ಫೇಯ್ತೋರಿಯ’. ಹದಿನೈದನೆಯ ಶತಮಾನದ ನಡುವಿನಲ್ಲಿ ಆಫ್ರಿಕದ ಪಶ್ಚಿಮ ತೀರದ ಆರ್ಗಿನ್ ದ್ವೀಪದಲ್ಲಿ, 1482ರಲ್ಲಿ ಚಿನ್ನದ ವ್ಯಾಪಾರಕ್ಕಾಗಿ ಎಲ್ಮಿನಾದಲ್ಲಿ ಇಂಥ ನೆಲೆಗಳನ್ನು ಕಟ್ಟಿ ಅಭ್ಯಾಸವಾಗಿದ್ದ ಅವರು, 1500ರಲ್ಲಿ ಕಬ್ರಾಲನ ನೌಕಾಪಡೆಯೊಂದಿಗೆ ಕಲ್ಲಿಕೋಟೆಗೆ ಬಂದಾಗ ಅದೇ ಪದ್ಧತಿಯನ್ನು ಅಲ್ಲಿಯೂ ಹೂಡಿದರು. ಕೆಲವೇ ತಿಂಗಳಲ್ಲಿ ಅಲ್ಲಿನ ಮುಸ್ಲಿಂ ವರ್ತಕರೊಂದಿಗೆ ಉಂಟಾದ ಜಗಳ ಕಾದಾಟಕ್ಕೆ ತಿರುಗಿ, ಫೇಯ್ತೋರ್ ಆಗಿದ್ದ ಅಯ್ರೆಸ್ ಕೊರ್ರೆಯ ತನ್ನ ಹಲವು ಸಂಗಡಿಗರೊಂದಿಗೆ ಕೊಲೆಯಾದನು. ಪೋರ್ಚುಗೀಸರು ಕೊಚ್ಚಿಗೆ ಸರಿದು ಅಲ್ಲಿ ನೆಲೆ ಮಾಡಿದರು. ಭಾರತದ ಮೊದಲ ಯುರೋಪಿಯನ್ ಫ್ಯಾಕ್ಟರಿಯ ಆಯುಸ್ಸು ಹೀಗೆ ಒಂದು ಮಳೆಗಾಲವನ್ನೂ ಕಾಣದೆ ಮುಗಿಯಿತು. ಇಂಗ್ಲಿಷಿನಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವೂ ಇತ್ತು: ಪರದೇಶದ ಒಂದು ಊರಿನಲ್ಲಿ ನೆಲೆಸಿದ ವರ್ತಕರ ಇಡೀ ಸಮುದಾಯವನ್ನೇ ಫ್ಯಾಕ್ಟರಿ ಎಂದು ಕರೆಯುತ್ತಿದ್ದರು. ಸಿರಿಯಾದ ಅಲೆಪ್ಪೊ, ಪೋರ್ಚುಗಲ್ಲಿನ ಲಿಸ್ಬನ್ ಮತ್ತು ಪೋರ್ತೊ ನಗರಗಳಲ್ಲಿದ್ದ ಇಂಗ್ಲಿಷ್ ವರ್ತಕರ ಕೂಟಗಳು ಈ ಅರ್ಥದ ಫ್ಯಾಕ್ಟರಿಗಳೇ. ಪೋರ್ತೊದಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದ್ರಾಕ್ಷಾರಸದ ವರ್ತಕರು ಕಟ್ಟಿಸಿದ ‘ಫ್ಯಾಕ್ಟರಿ ಹೌಸ್’ ಇಂದಿಗೂ ಅದೇ ಹೆಸರಿನಿಂದ, ಅದೇ ವರ್ತಕರ ಸಂಘದ ಮನೆಯಾಗಿ ಉಳಿದಿದೆ.

ಇಂಥದೊಂದು ಮನೆ ಬೇಕಾದದ್ದು ಏಕೆಂಬುದಕ್ಕೆ ಉತ್ತರ ಮುಂಗಾರಿನ ಗಾಳಿಯಲ್ಲಿದೆ. ಹಾಯಿಹಡಗುಗಳ ಕಾಲದಲ್ಲಿ ಯುರೋಪಿನಿಂದ ಬರುವ ನಾವೆ ನೈರುತ್ಯ ಮಾರುತ ತಗ್ಗಿದ ಮೇಲೆ, ಅಂದರೆ ಸೆಪ್ಟೆಂಬರ್ ಅಥವಾ ಅಕ್ಟೋಬರ್ ಹೊತ್ತಿಗೆ, ಪಶ್ಚಿಮ ಕರಾವಳಿಯನ್ನು ಮುಟ್ಟಿ, ಈಶಾನ್ಯದ ಗಾಳಿ ಬೀಸುವ ಕೆಲವೇ ತಿಂಗಳಲ್ಲಿ ಸರಕು ತುಂಬಿಕೊಂಡು ಮರಳಬೇಕಾಗಿತ್ತು. ಹಡಗು ಬಂದರಿನಲ್ಲಿ ನಿಂತಿರುವಾಗ ಕೊಳ್ಳಲು ಹೊರಟರೆ ಮಾರುವವರು ಬೆಲೆ ಏರಿಸುವುದು ಸಹಜ. ಕಾಯಬಲ್ಲವನು ಮಾರುವವನೇ ಹೊರತು ಕೊಳ್ಳುವವನಲ್ಲ. ಮೇಲಾಗಿ ಮೆಣಸು ಒಕ್ಕುವ ಕಾಲವೂ ಹಡಗು ಬರುವ ಕಾಲವೂ ಹೊಂದುತ್ತಿರಲಿಲ್ಲ, ಬಟ್ಟೆಯಂತೂ ಕೇಳಿದ ಕೂಡಲೇ ಸಾವಿರಗಟ್ಟಲೆ ಸಿಗುವ ಪದಾರ್ಥವೇ ಆಗಿರಲಿಲ್ಲ. ಆದ್ದರಿಂದ ವರ್ಷವಿಡೀ ಸ್ಥಳದಲ್ಲೇ ಇದ್ದು, ಸುಗ್ಗಿಯಲ್ಲಿ ಬೆಲೆ ಇಳಿದಾಗ ಕೊಂಡು, ನೇಕಾರರಿಗೆ ತಿಂಗಳುಗಟ್ಟಲೆ ಮೊದಲೇ ಮುಂಗಡ ಹಂಚಿ, ಬಂದ ಬಟ್ಟೆಯನ್ನು ಅಳೆದು ವಿಂಗಡಿಸಿ ತೊಳೆಸಿ ಕಟ್ಟಿಸಿ, ಹಡಗು ಲಂಗರು ಹಾಕುವ ಹೊತ್ತಿಗೆ ಎಲ್ಲವನ್ನೂ ಸಿದ್ಧವಾಗಿಡುವ ಪ್ರತಿನಿಧಿಗಳು ಬೇಕಾದರು. ಅವರ ಉಗ್ರಾಣ ಮಾಡುತ್ತಿದ್ದುದು ಕಾಲದ ವ್ಯಾಪಾರ. ಸುಗ್ಗಿಗೂ ಸಾಗಣೆಗೂ ನಡುವಿನ ತಿಂಗಳುಗಳನ್ನು ಹಿಡಿದಿಡುವುದೇ ಅದರ ಲಾಭದ ಮೂಲವಾಗಿತ್ತು. ಫ್ಯಾಕ್ಟರಿಯ ಬಲವನ್ನು ಅದರ ಗೋಡೆಗಳಲ್ಲಿ ಹುಡುಕುವುದಕ್ಕಿಂತ ಮುಂಗಡದ ಲೆಕ್ಕಪುಸ್ತಕದಲ್ಲಿ ಹುಡುಕುವುದು ಲೇಸು. ಮುಂಗಡ ಪಡೆದ ನೇಕಾರ ಬೇರೆಯವರಿಗೆ ನೇಯಬಾರದೆಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಂಗಾಳದಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯು ಕಾಯಿದೆಯನ್ನೇ ಮಾಡಿತೆಂಬುದು, ಆ ಲೆಕ್ಕಪುಸ್ತಕ ಎಷ್ಟು ದೂರ ಕೈ ಚಾಚಬಲ್ಲದೆಂಬುದಕ್ಕೆ ಸಾಕ್ಷಿ.

1600ರ ಡಿಸೆಂಬರ್ 31ರಂದು ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿ ಜಾವಾದ ಬಾಂಟಮ್‌ನಲ್ಲಿ 1603ರಲ್ಲಿ, ಮಚಲಿಪಟ್ಟಣದಲ್ಲಿ 1611ರಲ್ಲಿ, ಜಹಾಂಗೀರನ ಫರ್ಮಾನಿನ ಬಲದಿಂದ ಸೂರತ್ತಿನಲ್ಲಿ 1613ರಲ್ಲಿ ಫ್ಯಾಕ್ಟರಿಗಳನ್ನು ತೆರೆಯಿತು. ಭಾರತೀಯರು ಇವನ್ನು ತಮಗೆ ಪರಿಚಿತವಾಗಿದ್ದ ‘ಕೋಠಿ’ ಎಂಬ ಪದದಿಂದಲೇ ಕರೆದರು; ಸಾಹುಕಾರರ ಲೇವಾದೇವಿಯ ಮನೆಗೂ ದಾಸ್ತಾನಿನ ಮನೆಗೂ ಸಲ್ಲುತ್ತಿದ್ದ ಹೆಸರದು. ಕನ್ನಡ ಕರಾವಳಿಯ ‘ಬಂಡಸಾಲೆ’ಯೂ ಇದಕ್ಕೆ ಹತ್ತಿರದ್ದೇ. ಕೋಠಿಯೊಳಗಿನ ಜೀವನ ಅರ್ಧ ಮಠದಂತೆಯೂ ಅರ್ಧ ಪೇಟೆಯಂತೆಯೂ ಇತ್ತು: ಒಂದೇ ಪಂಕ್ತಿಯಲ್ಲಿ ಊಟ, ನಿಗದಿಯಾದ ಪ್ರಾರ್ಥನೆ, ರಾತ್ರಿ ಮುಚ್ಚುವ ಹೆಬ್ಬಾಗಿಲು, ಹಗಲಿಡೀ ದಲ್ಲಾಳಿಗಳ ಓಡಾಟ. ನೌಕರರಲ್ಲಿ ಕೆಳಗಿನವನು ‘ರೈಟರ್’, ಅಂದರೆ ಲೆಕ್ಕ ಬರೆಯುವವನು. ಅವನ ಮೇಲೆ ಫ್ಯಾಕ್ಟರ್, ಅವನ ಮೇಲೆ ಕಿರಿಯ ವರ್ತಕ, ಹಿರಿಯ ವರ್ತಕ. 1743ರಲ್ಲಿ ರೈಟರ್ ಆಗಿ ನೇಮಕಗೊಂಡ ರಾಬರ್ಟ್ ಕ್ಲೈವನ ಸಂಬಳ ವರ್ಷಕ್ಕೆ 5 ಪೌಂಡ್ ಮಾತ್ರ. ಇಷ್ಟು ಕಡಿಮೆ ಸಂಬಳಕ್ಕೆ ಪ್ರಾಣವನ್ನು ಪಣವಿಟ್ಟು ಜನ ಬರುತ್ತಿದ್ದುದಕ್ಕೆ ಕಾರಣ, ಏಷ್ಯಾದ ಬಂದರುಗಳ ನಡುವೆ ಸ್ವಂತ ವ್ಯಾಪಾರ ಮಾಡಿಕೊಳ್ಳಲು ಅವರಿಗಿದ್ದ ಅವಕಾಶ. ಮದರಾಸಿನ ಅಧಿಪತಿಯಾಗಿದ್ದ ಎಲಿಹು ಯೇಲನ ಸಂಪತ್ತು ಹುಟ್ಟಿದ್ದು ಸಂಬಳದಿಂದಲ್ಲ.

ಸೂರತ್ತಿನ ಕೋಠಿಯ ಮುಖ್ಯಸ್ಥನಿಗೆ ‘ಪ್ರೆಸಿಡೆಂಟ್’ ಎಂಬ ಪದವಿ ದೊರೆತು, ಸುತ್ತಣ ಕೋಠಿಗಳೆಲ್ಲ ಅವನ ಮತ್ತು ಅವನ ಮಂಡಳಿಯ ಅಧೀನಕ್ಕೆ ಬಂದವು. ಅವನ ಅಧಿಕಾರದ ವ್ಯಾಪ್ತಿಗೆ ‘ಪ್ರೆಸಿಡೆನ್ಸಿ’ ಎಂದು ಹೆಸರಾಯಿತು. 1687ರಲ್ಲಿ ಆ ಪೀಠ ಮುಂಬಯಿಗೆ ಸ್ಥಳಾಂತರವಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳ ಕನ್ನಡಿಗರು ಮುಂಬಯಿ ಪ್ರೆಸಿಡೆನ್ಸಿಯ, ಬಳ್ಳಾರಿ ಮತ್ತು ದಕ್ಷಿಣ ಕನ್ನಡದವರು ಮದರಾಸು ಪ್ರೆಸಿಡೆನ್ಸಿಯ ಪ್ರಜೆಗಳೆನಿಸಿಕೊಂಡರು. 1862ರಲ್ಲಿ ಉತ್ತರ ಕನ್ನಡವನ್ನು ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಲಾಯಿತು. ಕನ್ನಡ ನಾಡನ್ನು ಹರಿದು ಹಂಚಿದ ಆಡಳಿತ ಘಟಕಗಳು ತಮ್ಮ ಹೆಸರನ್ನು ಒಂದು ಉಗ್ರಾಣದ ಮುಖ್ಯಸ್ಥನಿಂದ ಪಡೆದವೆಂಬುದನ್ನು ಏಕೀಕರಣದ ಚರಿತ್ರೆಯಲ್ಲಿ ಯಾರೂ ಹೆಚ್ಚಾಗಿ ಗಮನಿಸಿದಂತಿಲ್ಲ.

ಕನ್ನಡ ಕರಾವಳಿಗೆ ಇಂಗ್ಲಿಷರನ್ನು ಮೊದಲು ತಂದದ್ದು ಈ ಕಂಪನಿಯಲ್ಲ, ಅದರ ಪ್ರತಿಸ್ಪರ್ಧಿಯಾದ ಕೋರ್ಟೀನ್ ಮನೆತನದ ಕೂಟ. ದೊರೆ ಒಂದನೆಯ ಚಾರ್ಲ್ಸನಿಂದ ಪರವಾನಗಿ ಪಡೆದ ಈ ಕೂಟದ ಹಡಗುಗಳು ಜಾನ್ ವೆಡೆಲ್‌ನ ನಾಯಕತ್ವದಲ್ಲಿ 1637ರಲ್ಲಿ ಭಟ್ಕಳಕ್ಕೆ ಬಂದವು. ಆ ಪಡೆಯಲ್ಲಿದ್ದ ಪೀಟರ್ ಮಂಡಿ ಎಂಬ ವರ್ತಕ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟಿರುವ ವಿವರಗಳು ಕೆಳದಿ ಅರಸರ ಚರಿತ್ರೆಗೆ ಇಂದಿಗೂ ಆಧಾರ. ಮೆಣಸು ಬೆಳೆಯುವ ನಾಡು ಆ ನಾಯಕನದು. ಆದ್ದರಿಂದಲೇ ಭಟ್ಕಳದ ಕೋಠಿಗೆ ಅವನ ಅನುಮತಿ ಬೇಕಾಗಿತ್ತು. ಭಟ್ಕಳದ ಇಂಗ್ಲಿಷ್ ಕೋಠಿ ಹಾಳಾದುದಕ್ಕೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕ ತನ್ನ ಗ್ರಂಥದಲ್ಲಿ ಒಂದು ಕಥೆ ಹೇಳುತ್ತಾನೆ: ಹಡಗಿನ ಕಪ್ತಾನ ಕೋಠಿಗೆ ಕೊಟ್ಟ ಬೇಟೆನಾಯಿ ದೇವಾಲಯದ ಹಸುವೊಂದನ್ನು ಕೊಂದಿತೆಂದೂ, ಸಿಟ್ಟಿಗೆದ್ದ ಊರಿನವರು ಕೋಠಿಯ ಇಂಗ್ಲಿಷರನ್ನೆಲ್ಲ ಕೊಂದರೆಂದೂ. ಹ್ಯಾಮಿಲ್ಟನ್ ಕೇಳಿ ಬರೆದ ಕಥೆಗಳನ್ನು ಸ್ವಲ್ಪ ಜರಡಿ ಹಿಡಿದೇ ಓದಬೇಕು. ಆದರೆ ಊರಿನ ಆಚಾರ ತಿಳಿಯದ ಕೋಠಿ ಎಷ್ಟು ಒಂಟಿಯಾಗಿತ್ತೆಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ.

ಕಾರವಾರದ ಕೋಠಿ ಕಾಳಿ ನದಿಯ ಅಳಿವೆಯ ಬಳಿ, ಆಗ ವಿಜಾಪುರದ ಆದಿಲ್‌ಶಾಹಿಗಳ ಸೀಮೆಯಲ್ಲಿತ್ತು. ಕೋರ್ಟೀನ್ ಕೂಟ ಮುಳುಗಿದ ಮೇಲೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಘಟ್ಟದ ಮೆಣಸಿನ ಜೊತೆಗೆ ಹುಬ್ಬಳ್ಳಿಯ ಸುತ್ತಿನ ನೇಕಾರರ ಸಣ್ಣ ನೂಲಿನ ಬಟ್ಟೆ ಎತ್ತುಗಳ ಮೇಲೆ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು. ಅದನ್ನು ಮೂಲದಲ್ಲೇ ಕೊಳ್ಳಲು ಹುಬ್ಬಳ್ಳಿಯಲ್ಲಿಯೂ ಇಂಗ್ಲಿಷರ ಒಂದು ಮನೆ ಇತ್ತು. ಕಂಪನಿಯ ವೈದ್ಯನಾಗಿದ್ದ ಜಾನ್ ಫ್ರೈಯರ್ 1670ರ ದಶಕದಲ್ಲಿ ಕಾರವಾರದಲ್ಲಿದ್ದು, ಗೋಕರ್ಣದವರೆಗೂ ಹೋಗಿ ಅಲ್ಲಿನ ಜಾತ್ರೆಯನ್ನು ನೋಡಿ ವರ್ಣಿಸಿದ್ದಾನೆ. ಆದರೆ ಈ ಕೋಠಿಗಳ ಬಾಳು ನೆಮ್ಮದಿಯದಾಗಿರಲಿಲ್ಲ. 1665ರಲ್ಲಿ ಶಿವಾಜಿ ಕಾರವಾರದ ಮೇಲೆ ಬಂದಾಗ ಊರಿನ ವರ್ತಕರು ಕೂಡಿಸಿಕೊಟ್ಟ ಕಪ್ಪದಲ್ಲಿ ಇಂಗ್ಲಿಷರೂ ತಮ್ಮ ಪಾಲು ತೆರಬೇಕಾಯಿತು. 1673ರಲ್ಲಿ ಮರಾಠಾ ಪಡೆ ಹುಬ್ಬಳ್ಳಿಯನ್ನು ದೋಚಿದಾಗ ಅಲ್ಲಿನ ಇಂಗ್ಲಿಷ್ ಮನೆಯೂ ಉಳಿಯಲಿಲ್ಲ, ನಷ್ಟಭರ್ತಿಯ ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು. 1717ರ ಹೊತ್ತಿಗೆ ಸೋದೆಯ ಅರಸರೊಂದಿಗೆ ವಿರಸ ಬೆಳೆದು ಅವರ ಸೇನೆ ಕಾರವಾರದ ಕೋಠಿಯನ್ನು ಮುತ್ತಿತು. 1720ರಲ್ಲಿ ಕಂಪನಿ ಅದನ್ನು ಮುಚ್ಚಿತು. 1750ರಲ್ಲಿ ಮತ್ತೆ ತೆರೆದರೂ ಪೋರ್ಚುಗೀಸರ ಒತ್ತಡದಿಂದ ಎರಡೇ ವರ್ಷದಲ್ಲಿ ಬಿಟ್ಟು ಹೋಗಬೇಕಾಯಿತು. ಡಚ್ಚರೂ ಬಸರೂರಿನಲ್ಲಿ ಕೋಠಿ ಇಟ್ಟಿದ್ದರು. ಅಲ್ಲಿಂದ ಅವರು ಒಯ್ಯುತ್ತಿದ್ದುದು ಮುಖ್ಯವಾಗಿ ಅಕ್ಕಿ.

ಇಂಥ ಅಪಾಯಗಳನ್ನು ತೋರಿಸಿಯೇ ಕೋಠಿಯ ಸುತ್ತ ಕೋಟೆ ಎದ್ದಿತು. ಮೊಗಲ್ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದ ಥಾಮಸ್ ರೋ ವ್ಯಾಪಾರಕ್ಕೂ ಯುದ್ಧಕ್ಕೂ ಕೂಡಿಬರದೆಂದು ಕಂಪನಿಗೆ ಎಚ್ಚರಿಕೆ ಬರೆದಿದ್ದನು. ಅದನ್ನು ಕೆಲಕಾಲ ಪಾಲಿಸಿ ಆಮೇಲೆ ಮರೆತರು. 1639ರಲ್ಲಿ ಚಂದ್ರಗಿರಿಯಲ್ಲಿದ್ದ ವಿಜಯನಗರದ ಕೊನೆಗಾಲದ ರಾಯರ ಅಧೀನನಾದ ದಾಮರ್ಲ ವೆಂಕಟಾದ್ರಿ ನಾಯಕನಿಂದ ಜಾಗ ಪಡೆದು ಮದರಾಸಿನಲ್ಲಿ ಕಟ್ಟಿದ ನೆಲೆ ಮೊದಲಿನಿಂದಲೇ ಕೋಟೆಯಾಗಿತ್ತು. ಎಲ್ಲೆಡೆಯೂ ಹೀಗಾಗಲಿಲ್ಲ. ಜಪಾನ್ ಡಚ್ಚರನ್ನು ನಾಗಸಾಕಿಯ ದೆಜಿಮಾ ಎಂಬ ಸಣ್ಣ ದ್ವೀಪದಲ್ಲಿ, ಚೀನಾ ಎಲ್ಲ ಪಾಶ್ಚಾತ್ಯರನ್ನೂ ಕ್ಯಾಂಟನ್ನಿನ ‘ಹದಿಮೂರು ಫ್ಯಾಕ್ಟರಿ’ಗಳಲ್ಲಿ ಕಟ್ಟಿಹಾಕಿದ್ದವು. ಕೆನಡಾದಲ್ಲಿ ತುಪ್ಪಳದ ಚರ್ಮ ಕೊಳ್ಳುತ್ತಿದ್ದ ಹಡ್ಸನ್ ಬೇ ಕಂಪನಿಯ ‘ಯಾರ್ಕ್ ಫ್ಯಾಕ್ಟರಿ’ 1957ರವರೆಗೂ ತೆರೆದಿತ್ತು. ಕೋಠಿಯನ್ನು ಅದರ ಗಡಿಯೊಳಗೇ ಇರಿಸುವ ಶಕ್ತಿ ಆತಿಥೇಯ ರಾಜ್ಯಕ್ಕೆ ಇತ್ತೋ ಇಲ್ಲವೋ ಎಂಬುದೇ ಮುಂದಿನ ಚರಿತ್ರೆಯನ್ನು ನಿರ್ಧರಿಸಿತು.

ದೂರದ ಬಂದರಿನಲ್ಲಿ ತನ್ನ ಪ್ರತಿನಿಧಿಯನ್ನು ನೆಲೆ ನಿಲ್ಲಿಸುವ ಕೋಠಿಯ ಗುಟ್ಟನ್ನು ಭಾರತದ ಅರಸರಲ್ಲಿ ಚೆನ್ನಾಗಿ ಅರಿತು ತಿರುಗಿಸಿ ಬಳಸಿದವನು ಮೈಸೂರಿನ ಟಿಪ್ಪು ಸುಲ್ತಾನ. ಅವನು ಅರಬ್ಬೀ ತೀರದ ಮಸ್ಕತ್ತಿನಲ್ಲಿ ತನ್ನದೇ ಕೋಠಿಯನ್ನು ಇಟ್ಟು, ದಾರೋಗ ಎಂಬ ಅಧಿಕಾರಿಯ ಮೂಲಕ ಮೈಸೂರಿನ ಗಂಧದ ಮರ, ಮೆಣಸು, ಅಕ್ಕಿಗಳನ್ನು ಮಾರಿಸುತ್ತಿದ್ದನು. ರೇಷ್ಮೆಹುಳುಗಳನ್ನೂ ಹಡಗು ಕಟ್ಟುವವರನ್ನೂ ಕಳುಹಿಸಿಕೊಡಬೇಕೆಂದು ಆ ಅಧಿಕಾರಿಗೆ ಬರೆಸಿದ ಪತ್ರಗಳು ಉಳಿದುಬಂದಿವೆ. ಕಚ್ಛಿನಲ್ಲಿಯೂ ಅವನ ಕೋಠಿಗಳಿದ್ದವು. ಇದೇ ಟಿಪ್ಪು ಶ್ರೀರಂಗಪಟ್ಟಣ, ನಗರ, ಚಿತ್ರದುರ್ಗ, ಬೆಂಗಳೂರುಗಳಲ್ಲಿ ಬಂದೂಕು, ಫಿರಂಗಿ, ಕಾಗದ ಮುಂತಾದವನ್ನು ತಯಾರಿಸುವ ಕಾರ್ಖಾನೆಗಳನ್ನು ಸ್ಥಾಪಿಸಿದನು. ಅವನ ಆಡಳಿತದಲ್ಲಿ ಮಾರುವ ಮನೆ ಕೋಠಿ, ಮಾಡುವ ಮನೆ ಕಾರ್ಖಾನೆ. 1811ರಲ್ಲಿ ಅವನ ಪತ್ರಗಳನ್ನು ಇಂಗ್ಲಿಷಿಗೆ ತಂದ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಕೋಠಿಗೆ ಸಹಜವಾಗಿಯೇ ‘ಫ್ಯಾಕ್ಟರಿ’ ಎಂದು ಬರೆದನು. ಕಾರ್ಖಾನೆ ಎಂಬುದೂ ಮೊದಲಿನಿಂದ ಒಂದೇ ಅರ್ಥದಲ್ಲಿ ನಿಂತದ್ದಲ್ಲವೆಂಬುದನ್ನು ಇಲ್ಲಿ ಸೇರಿಸಬಹುದು: ದೆಹಲಿಯ ಫಿರೋಜ್ ಷಾ ತುಘಲಕನಿಗೆ ಮೂವತ್ತಾರು ಕಾರ್ಖಾನೆಗಳಿದ್ದವೆಂದು ಚರಿತ್ರಕಾರ ಅಫೀಫ್ ಬರೆದಾಗ ಆ ಎಣಿಕೆಯಲ್ಲಿ ಅರಮನೆಯ ಆನೆಲಾಯವೂ ಅಡುಗೆಮನೆಯೂ ಸೇರಿದ್ದವು.

ಕೊಳ್ಳುವ ಮನೆ ಮಾಡುವ ಮನೆಯಾಗಿ ಬದಲಾದುದು ಒಂದೇ ದಿನದಲ್ಲಿ ಅಲ್ಲ. ಇಂಗ್ಲಿಷಿನಲ್ಲಿ ವಸ್ತು ತಯಾರಿಸುವ ಸ್ಥಳವೆಂಬ ಅರ್ಥ ಹದಿನೇಳನೆಯ ಶತಮಾನದಿಂದಲೇ ಪಕ್ಕದಲ್ಲಿ ಸುಳಿದಾಡುತ್ತಿತ್ತು. ಆದರೆ ಅದಕ್ಕೆ ಬಲ ಬಂದದ್ದು ಕೋಠಿಗಳೇ ಕ್ರಮೇಣ ತಯಾರಿಕೆಗೆ ಕೈ ಹಾಕಿದಾಗ. ಬಂಗಾಳದ ಕಾಸಿಮ್‌ಬಜಾರ್ ಸುತ್ತ ರೇಷ್ಮೆ ಕೊಳ್ಳುತ್ತಿದ್ದ ಕಂಪನಿ, ಸ್ಥಳೀಯ ನೂಲು ಒಂದೇ ದಪ್ಪಕ್ಕೆ ಬರುವುದಿಲ್ಲವೆಂದು ಬೇಸತ್ತು, 1770ರ ಸುಮಾರಿಗೆ ಇಟಲಿಯ ಮಾದರಿಯಲ್ಲಿ ಗೂಡಿನಿಂದ ನೂಲು ಬಿಚ್ಚುವ ಶೆಡ್ಡುಗಳನ್ನು ಕಟ್ಟಿಸಿತು. ಬಂಗಾಳ ಮತ್ತು ಬಿಹಾರದ ನೀಲಿ ತೋಟಗಾರರ ‘ನೀಲ್‌ಕೋಠಿ’ ಎರಡು ಅರ್ಥಗಳ ನಡುವೆ ನಿಂತ ಸಂಸ್ಥೆ: ರೈತನಿಗೆ ಮುಂಗಡ ಕೊಟ್ಟು ಬೆಳೆ ಕಟ್ಟಿಹಾಕುವಲ್ಲಿ ಅದು ಹಳೆಯ ಕೋಠಿ, ಗಿಡವನ್ನು ತೊಟ್ಟಿಗಳಲ್ಲಿ ಕೊಳೆಹಾಕಿ ಬಣ್ಣ ತೆಗೆಯುವಲ್ಲಿ ಹೊಸ ಕಾರ್ಖಾನೆ. ಆ ಮುಂಗಡದ ಉರುಳೇ 1859ರ ನೀಲಿ ರೈತರ ದಂಗೆಗೆ ಕಾರಣವಾಯಿತು.

ಇತ್ತ ಇಂಗ್ಲೆಂಡಿನಲ್ಲಿ 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ನೂಲುವ ಯಂತ್ರಗಳನ್ನು ಹೂಡಿದಾಗ ಜನ ಅದನ್ನು ಕರೆದದ್ದು ‘ಮಿಲ್’ ಎಂದು, ಏಕೆಂದರೆ ನೀರಿನ ಚಕ್ರದಿಂದ ತಿರುಗುವುದೆಲ್ಲ ಅವರಿಗೆ ಹಿಟ್ಟಿನ ಗಿರಣಿಯ ಸಂತಾನವಾಗಿತ್ತು. ಉತ್ತರ ಕರ್ನಾಟಕದವರು ಹಿಟ್ಟು ಬೀಸುವುದಕ್ಕೂ ನೂಲು ತೆಗೆಯುವುದಕ್ಕೂ ‘ಗಿರಣಿ’ ಎಂಬ ಒಂದೇ ಪದವನ್ನು ಬಳಸುವುದು ಅದೇ ತರ್ಕದಿಂದ. ಕಾನೂನು ಮಾತ್ರ ‘ಫ್ಯಾಕ್ಟರಿ’ಯನ್ನು ಹಿಡಿದುಕೊಂಡಿತು: ಬಟ್ಟೆ ಗಿರಣಿಗಳಲ್ಲಿ ಮಕ್ಕಳ ದುಡಿಮೆಗೆ ಮಿತಿ ಹಾಕಿ, ಅದನ್ನು ನೋಡಿಕೊಳ್ಳಲು ಇನ್ಸ್‌ಪೆಕ್ಟರುಗಳನ್ನು ನೇಮಿಸಿದ ಫ್ಯಾಕ್ಟರಿ ಕಾಯಿದೆಗೆ 1833ರ ಆಗಸ್ಟ್ 29ರಂದು ರಾಜನ ಅಂಕಿತ ಬಿದ್ದಿತು. ಅದರ ಹಿಂದಿನ ದಿನವೇ ಅಂಕಿತ ಪಡೆದ ಇನ್ನೊಂದು ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರವನ್ನೇ ನಿಲ್ಲಿಸಿ, 1834ರಿಂದ ಅದನ್ನು ಕೇವಲ ಆಳುವ ಸಂಸ್ಥೆಯಾಗಿ ಉಳಿಸಿತು. ಒಂದೇ ಪಾರ್ಲಿಮೆಂಟು ಎರಡು ದಿನಗಳಲ್ಲಿ ಹಳೆಯ ಫ್ಯಾಕ್ಟರಿಯ ಬಾಗಿಲು ಮುಚ್ಚಿ ಹೊಸ ಫ್ಯಾಕ್ಟರಿಗೆ ಶಾಸನದ ಸ್ಥಾನ ಕೊಟ್ಟಿತೆನ್ನುವಾಗ, ಅದು ಆಕಸ್ಮಿಕವೇ ಆದರೂ, ಏಷ್ಯಾದ ಬಟ್ಟೆ ಕೊಂಡು ತರುತ್ತಿದ್ದ ದೇಶ ತಾನೇ ಬಟ್ಟೆ ಮಾಡಿ ಏಷ್ಯಾಕ್ಕೆ ಮಾರತೊಡಗಿದ ತಿರುವನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ತಾರೀಖು ಬೇರೊಂದಿಲ್ಲ. ಹುಬ್ಬಳ್ಳಿಯ ನೇಕಾರರಿಗೆ ಆ ತಿರುವಿನ ಅರ್ಥ ಬೇಗನೆ ತಿಳಿಯಿತು.

ಭಾರತಕ್ಕೆ ಈ ಪದ ಎರಡನೆಯ ಬಾರಿ ಬಂದದ್ದು ಹೊಸ ಅರ್ಥದೊಂದಿಗೆ. ಬೆಂಗಳೂರಿನಲ್ಲಿ 1884ರಲ್ಲಿ ಬಟ್ಟೆಯ ಮಿಲ್ಲು, ಮುಂದಿನ ವರ್ಷಗಳಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ, 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆಯ ಕಾರ್ಖಾನೆ ಎದ್ದವು. ಬ್ರಿಟಿಷ್ ಭಾರತದ ಮೊದಲ ಫ್ಯಾಕ್ಟರಿ ಕಾಯಿದೆ 1881ರದು; ಯಂತ್ರಶಕ್ತಿ ಬಳಸಿ ನೂರು ಮಂದಿಗಿಂತ ಕಡಿಮೆಯಿಲ್ಲದೆ ದುಡಿಸುವ ಸ್ಥಳಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಚಹಾ ಮತ್ತು ಕಾಫಿ ತೋಟಗಳನ್ನೂ, ಇಂಗ್ಲಿಷಿನಲ್ಲಿ ಫ್ಯಾಕ್ಟರಿ ಎಂದೇ ಕರೆಯುತ್ತಿದ್ದ ನೀಲಿ ಕೋಠಿಗಳನ್ನೂ ಅದು ಹೊರಗಿಟ್ಟಿತು. ತೋಟಗಾರರ ಪ್ರಭಾವ ಅಷ್ಟಿತ್ತು. ಈಗ ಜಾರಿಯಲ್ಲಿರುವ ಅರ್ಥಕ್ಕೆ ತಳಹದಿ ಹಾಕಿದ 1948ರ ಕಾಯಿದೆಯಲ್ಲಿ ಆ ಮಿತಿ ಯಂತ್ರಶಕ್ತಿ ಇದ್ದರೆ ಹತ್ತು, ಇಲ್ಲದಿದ್ದರೆ ಇಪ್ಪತ್ತು ಕೆಲಸಗಾರರಿಗೆ ಇಳಿದಿತ್ತು. ಹಳೆಯ ಫ್ಯಾಕ್ಟರ್ ಮಾತ್ರ ಪೂರ್ತಿ ಅಳಿಯಲಿಲ್ಲ: ವರ್ತಕನಿಗೆ ಬರಬೇಕಾದ ಬಾಕಿಯನ್ನು ಕೊಂಡು ಮುಂಗಡ ಹಣ ಕೊಡುವ ವ್ಯವಹಾರಕ್ಕೆ ಬ್ಯಾಂಕುಗಳು ಇಂದಿಗೂ ‘ಫ್ಯಾಕ್ಟರಿಂಗ್’ ಎನ್ನುತ್ತವೆ, ಭಾರತದಲ್ಲಿ ಅದಕ್ಕೆ 2011ರ ಪ್ರತ್ಯೇಕ ಕಾಯಿದೆಯೂ ಇದೆ.

ಕಂಪನಿಯ ಕಾಲದ ಕಾಗದಪತ್ರಗಳನ್ನು ಕನ್ನಡಕ್ಕೆ ತರುವವರೂ ಶಾಲೆಯ ಪಠ್ಯಗಳನ್ನು ಬರೆಯುವವರೂ 1834ಕ್ಕೆ ಹಿಂದಿನ ‘ಫ್ಯಾಕ್ಟರಿ’ ಎದುರಾದಲ್ಲಿ ಕಾರ್ಖಾನೆ ಎಂದು ಬರೆದುಬಿಡುವ ಮೊದಲು ಅಲ್ಲಿ ಏನಾದರೂ ತಯಾರಾಗುತ್ತಿತ್ತೇ ಎಂದು ವಿಚಾರಿಸಬೇಕು. ಕಾರವಾರ, ಭಟ್ಕಳ, ಬಸರೂರುಗಳ ಮಟ್ಟಿಗಂತೂ ಟಿಪ್ಪುವಿನ ಆಡಳಿತ ಬಳಸಿದ ಕೋಠಿ ಎಂಬ ಪದವೇ ಸರಿಯಾದದ್ದು.